ಬೆಸುಗೆ ಬಿಟ್ಟ ಹಗ್ಗ

೧೮೯೪ರ ಮಾರ್ಚ್ ೧೭, ಶನಿವಾರ. ಬಾವಿ ತೋಡಿಸುವ ಮೇಸ್ತ್ರಿ ವೇಲು ಅಂದು ಬೆಳಿಗ್ಗೆ ಹಗ್ಗ ಕಳಚಿ ಬಾವಿಗೆ ಬಿದ್ದು ಸತ್ತ. ಹೆಂಡತಿ ಪೊನ್ನುತಾಯಿ ಠಾಣೆಗೆ ಬಂದು ಫಿರ್ಯಾದು ಕೊಟ್ಟಳು: ಹಗ್ಗ ಹೊಸೆಯುವ ಮೂಕಯ್ಯನೇ ಕೊಂದ. ಪ್ರಥಮ ವರ್ತಮಾನ ವರದಿ ಬರೆಸಿ ಇನ್ಸ್‌ಪೆಕ್ಟರ್ ಮುತ್ತಯ್ಯ, ಕಾನ್‌ಸ್ಟೇಬಲ್ ಪಾಂಡಿಯೊಂದಿಗೆ ಬಾವಿಯಿದ್ದ ಕೊಂಬೈ ಹಳ್ಳಿಗೆ ಹೊರಟ.

ಬಾವಿಯ ಸುತ್ತ ಜನ ಸೇರಿದ್ದರು. ಮೂಕಯ್ಯನನ್ನು ಬೇವಿನ ಮರಕ್ಕೆ ಕಟ್ಟಿದ್ದರು. ವೇಲುವಿನ ತಮ್ಮಂದಿರ ಕೈಯಲ್ಲಿ ಕುಡುಗೋಲುಗಳಿದ್ದವು.

ಮಹಜರಿಗೆ ಕೂತ ಮುತ್ತಯ್ಯ ಹಗ್ಗ ಎತ್ತಿ ನೋಡಿದ. ಅದು ತುಂಡಾಗಿರಲಿಲ್ಲ. ಎರಡು ಹಗ್ಗಗಳ ತುದಿ ಬಿಚ್ಚಿ, ಎಳೆಗೆ ಎಳೆ ಹೆಣೆದು, ಬಿಸಿ ರಾಳ ಸುರಿದು ಮಾಡಿದ್ದ ಬೆಸುಗೆ ಬಿಟ್ಟುಕೊಂಡಿತ್ತು. ಉಗುರು ತಾಗಿಸಿದರೆ ರಾಳ ಹಾವಿನ ಪೊರೆಯಂತೆ ಸುಲಿದು ಬಂತು.

“ಗಂಟು ಯಾಕೆ ಹಾಕಲಿಲ್ಲ?” ಎಂದು ಮೂಕಯ್ಯನನ್ನು ಕೇಳಿದ.

“ಗಂಟು ರಾಟೇಲಿ ಸಿಕ್ಕಾಕ್ಕೊಂತೈತೆ ಸಾಮಿ. ಕತ್ತಾಳೆ ನಾರನ್ನ ಬೂದಿ ನೀರಲ್ಲಿ ಬೇಯಿಸಿ ಜಿಡ್ಡು ತೆಗದ್ರೆ ರಾಳ ಕಚ್ಕೊಂಡು ಕಲ್ಲಾಗ್ತೈತೆ. ಆನೆ ಎಳದ್ರೂ ಬಿಡಾಕಿಲ್ಲ.”

“ಆನೆ ಯಾಕೆ, ಮೇಸ್ತ್ರಿಯೇ ಸಾಕಾದನಲ್ಲ,” ಎಂದ ಪಾಂಡಿ.

ಮುತ್ತಯ್ಯ ನಾರು ಮೂಸಿದ. ಹರಳೆಣ್ಣೆಯ ವಾಸನೆ.

“ಯಾವತ್ತು ಹೆಣೆದೆ?”

“ನೆನ್ನೆ, ಶುಕ್ರವಾರ.”

“ಹೆಂಗಸರು ಎಣ್ಣೆನೀರು ಹಾಕ್ಕೊಳ್ಳೋ ದಿನ. ನಾರು ಮುಟ್ಟಿದವರು ಯಾರು?”

“ಅದಕ್ಕೇ ಸಾಮಿ, ಶುಕ್ರವಾರ ಹೆಂಗಸ್ರನ್ನ ಹಗ್ಗ ಹೊಸೆಯೋ ಕೊಟ್ಟಿಗೆಗೆ ಸೇರ್ಸಾಕಿಲ್ಲ. ಬೇಯಿಸಿದ ಮೇಲೆ ಅಳಗಮ್ಮಾಳ್ ಅಕ್ಕ ಒಬ್ಬಳೇ ನಾರು ಬಿಡಿಸಿ ಕೊಟ್ಟಿದ್ದು. ಮಗ ಸತ್ತಾಗಿಂದ ಆಕೆ ತಲೆಗೆ ಎಣ್ಣೆ ಇಟ್ಟಿಲ್ಲ.”

ಮುತ್ತಯ್ಯ ಹೋದಾಗ ಅಳಗಮ್ಮಾಳ್ ಮನೆಯ ಜಗುಲಿಯ ಮೇಲೆ ಕೂತಿದ್ದಳು, ಕಾಯುತ್ತಿದ್ದವಳಂತೆ. ಕೂದಲು ಒಣಗಿ ನಾರಾಗಿತ್ತು. ಸೆರಗಿನ ತುದಿ ಮಾತ್ರ ಜಿಡ್ಡುಜಿಡ್ಡು. ಒಳಗೆ ಗೋಡೆಯ ಗೂಡಿನಲ್ಲಿ ಹಣತೆ ಬರಿದಾಗಿತ್ತು.

“ತಲೆಗೆ ಎಣ್ಣೆ ಇಡಾಕಿಲ್ಲ ಅಂತಾರೆ. ಸೆರಗಿಗೆಲ್ಲಿಂದ ಬಂತಮ್ಮ?”

“ದೀಪದ್ದು.”

“ಮೇಸ್ತ್ರಿಯೇ ಇಳೀತಾನೆ ಅಂತ ಗೊತ್ತಿತ್ತಾ?”

“ಹೊಸ ಹಗ್ಗಕ್ಕೆ ಮೊದಲು ಮೇಸ್ತ್ರಿ ಇಳೀಬೇಕು, ಅದು ಕಟ್ಟಳೆ. ಹಳೇ ಹಗ್ಗಕ್ಕೆ ಕಟ್ಟಳೆ ಇಲ್ಲ. ಅದ್ರಲ್ಲಿ ನನ್ನ ಮಗನ್ನ ಇಳಿಸ್ದ. ನಾರು ಸವೆದೈತೆ ಅಂತ ಕಾಲು ಹಿಡ್ದೆ. ‘ನಿನ್ನ ಮಗ ಹಗುರ, ತಡ್ಕೊಂತೈತೆ’ ಅಂದ.”

“ನೀನು ಮಾಡಿದ್ದಕ್ಕೆ ಮೂಕಯ್ಯನ್ನ ಕಡೀತಿದ್ರು.”

“ಅದನ್ನ ಎಣಿಸಿರ್ಲಿಲ್ಲ,” ಎಂದು ಅವಳು ತಾನೇ ಎದ್ದು ನಿಂತಳು.

ಮೂಕಯ್ಯನ ಕಟ್ಟು ಬಿಚ್ಚಿಸಿದರು. ಅವನು ಯಾರಿಗೂ ಕೈಮುಗಿಯಲಿಲ್ಲ. ನೇರ ಕೊಟ್ಟಿಗೆಗೆ ಹೋಗಿ ಅವಳು ಬಿಡಿಸಿಟ್ಟಿದ್ದ ನಾರನ್ನೆಲ್ಲ ಹೊರಗೆಳೆದು ಬೆಂಕಿ ಇಟ್ಟ.

ಸಂಜೆ ಠಾಣೆಯಲ್ಲಿ ಹೇಳಿಕೆ ಬರೆಯುತ್ತ ಮುತ್ತಯ್ಯ ಮಗನ ಹೆಸರು ಕೇಳಿದ. ಹಿಂದಿನ ವರ್ಷದ ಆ ಸಾವಿನ ಬಗ್ಗೆ ಠಾಣೆಗೆ ಯಾರೂ ಬಂದಿರಲಿಲ್ಲ.

“ಬೊಮ್ಮಯ್ಯ,” ಎಂದಳು. ಕಾಗದದ ಕಡೆ ಬಗ್ಗಿ, “ಬರ್ಕೊಂಡ್ರಾ?” ಎಂದು ಕೇಳಿದಳು.