ಅಮಾವಾಸ್ಯೆಯ ದಿನ ಹಚ್ಚಿದ ಕುಲುಮೆ

"ಅಮಾವಾಸ್ಯೆ ದಿನ ನಾವು ಕುಲುಮೆ ಹಚ್ಚಲ್ಲ ಮೇಡಂ. ಸುತ್ತಿಗೇನೂ ಮುಟ್ಟಲ್ಲ," ಎಂದ ಮೌನೇಶ್.

ಜಯನಗರದ ಆ ಶಾಲೆಯ ಮೈದಾನದಲ್ಲಿ ಆರನೇ ಕ್ಲಾಸಿನ ನಲವತ್ತು ಮಕ್ಕಳು ಕಾದು ಕೂತಿದ್ದರು. ಪ್ರಾಚೀನರು ಕಬ್ಬಿಣದ ಉಳಿ ಮಾಡಿದ್ದು ಹೇಗೆಂದು ಇವತ್ತು ಅವರು ಕಣ್ಣಾರೆ ನೋಡಬೇಕಿತ್ತು. ಇದಕ್ಕಾಗಿ ಇತಿಹಾಸದ ಟೀಚರ್ ಮೈತ್ರಿ ಎರಡು ತಿಂಗಳು ಪ್ರಿನ್ಸಿಪಾಲರ ಬೆನ್ನು ಹತ್ತಿದ್ದಳು. ಉತ್ತರಹಳ್ಳಿಯ ಈ ಕಮ್ಮಾರನ ಕುಲುಮೆಗೆ ಐದು ಸಲ ಹೋಗಿದ್ದಳು. ಐದರಲ್ಲಿ ಮೂರು ಸಲ ಹೋಗುವ ಅಗತ್ಯವೇನೂ ಇರಲಿಲ್ಲ. ಆ ಮಾತು ಬೇರೆ.

"ಇದನ್ನ ಈಗ ಹೇಳ್ತೀರಾ? ಡೇಟ್ ಕೊಟ್ಟಾಗ ಹೂಂ ಅಂದ್ರಲ್ಲ. ಇವತ್ತು ಆಗ್ಲಿಲ್ಲ ಅಂದ್ರೆ ಪ್ರಿನ್ಸಿಪಾಲ್ ಇನ್ಮೇಲೆ ವಿಡಿಯೋನೇ ಸಾಕು ಅಂತಾರೆ."

"ತಪ್ಪಾಯ್ತು."

"ನಿಮ್ಮಲ್ಲಿ ಕ್ಯಾಲೆಂಡರ್ ಇಲ್ವಾ?"

"ಗೋಡೆ ಮೇಲಿದೆ. ನೀವು ಡೇಟ್ ಹೇಳುವಾಗ ಅದರ ಪಕ್ಕದಲ್ಲೇ ನಿಂತಿದ್ರಿ." ಮೌನೇಶ್ ತನ್ನ ಚಪ್ಪಲಿ ನೋಡಿಕೊಂಡ. "ನಾನು ಕ್ಯಾಲೆಂಡರ್ ನೋಡ್ಲಿಲ್ಲ."

ಅರ್ಥವಾಗುವುದಕ್ಕೆ ಮೈತ್ರಿಗೆ ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಸಿಟ್ಟು ಇನ್ನಷ್ಟು ಏರಿತು. ಐದು ಸಲವೂ ಬಾಯಿ ಬಿಡದವನಿಗೆ ನಲವತ್ತು ಮಕ್ಕಳ ಮುಂದೆಯೇ ಮುಹೂರ್ತ ಕೂಡಿಬಂತೆ?

ಅವಳು ಸೆರಗು ಸೊಂಟಕ್ಕೆ ಬಿಗಿದಳು. "ನೀವು ಮುಟ್ಬೇಡಿ. ನಾನೇ ಮಾಡ್ತೀನಿ. ಬಾಯಲ್ಲಿ ಹೇಳ್ಕೊಡೋಕೆ ಅಮಾವಾಸ್ಯೆ ಅಡ್ಡ ಬರಲ್ಲ ತಾನೇ?"

"ಅದರ ಬಗ್ಗೆ ನಮ್ಮಪ್ಪ ಏನೂ ಹೇಳಿಲ್ಲ."

ಅವನು ತಂದಿಟ್ಟಿದ್ದ ಪುಟ್ಟ ಕುಲುಮೆಗೆ ಮಕ್ಕಳು ಸರದಿಯಲ್ಲಿ ತಿದಿ ಒತ್ತಿ ಗಾಳಿ ಊದಿದರು. ಇದ್ದಿಲು ಉರಿಯಿತು. ಮೌನೇಶ್ ಬೆನ್ನ ಹಿಂದೆ ಕೈ ಕಟ್ಟಿ ನಿಂತ. ಅವಳ ಪ್ರತಿ ಏಟಿಗೂ ಅವನ ಭುಜ ತಾನಾಗಿ ಅಲುಗುತ್ತಿತ್ತು.

"ಕಬ್ಬಿಣ ಕಿತ್ತಳೆ ಬಣ್ಣಕ್ಕೆ ಬಂದಾಗ ಹೊಡೀರಿ. ಹಾಗಲ್ಲ ಮೇಡಂ, ಅದು ಜಿರಲೆ ಅಲ್ಲ."

"ಇನ್ನೊಂದು ಮಾತಾಡಿದ್ರೆ ಮುಂದಿನ ಏಟು ನಿಮಗೆ."

ಮಕ್ಕಳು ನಕ್ಕರು. ಅವನೂ ನಕ್ಕ. ಮಸಿ ಹತ್ತಿದ ಅವಳ ಕೆನ್ನೆಯಿಂದ ಕಣ್ಣು ಕೀಳುವುದಕ್ಕೆ ಅವನಿಗೆ ಸ್ವಲ್ಪ ತಡವೇ ಆಯಿತು.

ಒಂದು ಗಂಟೆ ಕಳೆದ ಮೇಲೆ ಪ್ರಿನ್ಸಿಪಾಲ್ ಕಮಲಾದೇವಿ ಬಂದು ಆರಿದ ಉಳಿಯನ್ನು ಎತ್ತಿ ನೋಡಿದರು. "ಸೊಟ್ಟಗಿದೆಯಲ್ರೀ."

"ಮೊದಲ್ನೇ ಸಲ ಮಾಡ್ದೋರದ್ದೂ ಸೊಟ್ಟಗೇ ಇತ್ತೇನೋ ಮೇಡಂ," ಎಂದಳು ಮುಂದಿನ ಸಾಲಿನ ಪ್ರಕೃತಿ. "ನಮ್ಮ ಮಿಸ್‌ಗಂತೂ ಹೇಳ್ಕೊಡೋರಿದ್ರು."

ಕಮಲಾದೇವಿ ಮೈತ್ರಿಯನ್ನು ನೋಡಿದರು, ಮೌನೇಶನನ್ನು ನೋಡಿದರು. "ಮುಂದಿನ ವರ್ಷವೂ ಇಡಿ," ಎಂದು ಹೊರಟುಹೋದರು.

ಇದ್ದಿಲ ಚೀಲ ಸ್ಕೂಟರಿಗೆ ಕಟ್ಟುತ್ತ ಮೌನೇಶ್ ಮೆಲ್ಲಗೆ ಕೇಳಿದ. "ಸಿಟ್ಟು ಇಳೀತಾ?"

"ಇಲ್ಲ. ಒಂದು ದಿನಕ್ಕೆ ಇಳಿಯೋದಲ್ಲ ಇದು. ಭಾನುವಾರ ಮನೆಗೆ ಬರ್ತೀನಿ ಅಂತ ನಿಮ್ಮ ಅಮ್ಮನಿಗೆ ಹೇಳಿರಿ. ಉಳಿದಿದ್ದು ಅವರ ಮುಂದೇನೇ ಬೈತೀನಿ."