ಪಕ್ಕದ ಸೀಟಿನ ಅಳತೆ

ಷೋಕಿಲಾಲನ ಕೆಂಪು ಸ್ಪೋರ್ಟ್ಸ್ ಕಾರು ಎಂದಿನಂತೆ ಕೆಮ್ಮುತ್ತಲೇ ಶೆಡ್ಡಿನೊಳಗೆ ಬಂತು. ಆ ಕಾರು ಅವನಿಗಿಂತ ಇಪ್ಪತ್ತು ವರ್ಷ ದೊಡ್ಡದು. ಕಾರಿನ ಸೀಟು ಹೊಲಿಯುವ ಹುಡುಗಿ ಸೂಜಿಯಿಂದ ತಲೆ ಎತ್ತಲಿಲ್ಲ.

ಮೂರು ವಾರದ ಹಿಂದೆ ಡ್ರೈವರ್ ಸೀಟಿಗೆ ಹೊಸ ಚರ್ಮ ಹಾಕಿಸಿಕೊಂಡಿದ್ದ. ಆಮೇಲೆ ಹೊಲಿಗೆ ಓರೆ ಎಂದು ಬಂದ. ಬಣ್ಣ ಮಂಕು ಎಂದು ಬಂದ. ಕಣ್ಣು ತೋರಿಸಿಕೊಳ್ಳಿ ಎಂದು ಕಳಿಸಿದ್ದಳು. ಇವತ್ತು ಪಕ್ಕದ ಸೀಟಿನ ಸರದಿ. ಅದೊಂದು ಮುಗಿದರೆ ಅವನಿಗೆ ಇಲ್ಲೇನೂ ಕೆಲಸವಿಲ್ಲ. ಆ ಯೋಚನೆ ಬೆಳಗಿನಿಂದ ಅವಳನ್ನು ಕಾಡುತ್ತಿತ್ತು. ಅದಕ್ಕೇ ಮಾತಿಗೆ ಖಾರ ಜಾಸ್ತಿ.

“ತಳ್ಕೊಂಡು ಬಂದ್ರಾ?”

“ಓಡಿಸ್ಕೊಂಡೇ ಬಂದೆ. ಬಾಗಿಲಲ್ಲಿ ನಿಮ್ಮ ಬಿಳಿ ಫ್ರಿಜ್ಜು ಅಡ್ಡ ನಿಂತಿತ್ತು.”

“ಅದು ವ್ಯಾನು. ಎಂಟು ಜನ ಕಾಲು ಚಾಚಿ ಕೂರ್ತಾರೆ. ಎಸಿ ಇದೆ, ಕ್ಯಾಮೆರಾ ಇದೆ. ಸದ್ದೇ ಇಲ್ಲ.”

“ಜೀವ ಇದ್ರೆ ತಾನೇ ಸದ್ದು?”

“ನಿಮ್ಮದಕ್ಕಿರೋದು ಜೀವ ಅಲ್ಲ, ದಮ್ಮಿನ ಕಾಯಿಲೆ. ಮುತ್ತಜ್ಜಿಗೆ ಲಿಪ್‌ಸ್ಟಿಕ್ ಬಳಿದು ಮೆರವಣಿಗೆ ಹೊರಡ್ತೀರಲ್ಲ, ನಾಚಿಕೆ ಆಗಲ್ವಾ?”

ಹೊಲಿಗೆ ಯಂತ್ರದ ಹಿಂದೆ ಅವಳ ಅತ್ತಿಗೆ ಕಿಸಕ್ಕೆಂದಳು. “ಹುಡುಗಿಯರನ್ನ ಸುತ್ತಾಡಿಸೋಕೆ ಎರಡು ಸೀಟು ಸಾಕು ಬಿಡೇ.”

ಹುಡುಗಿಯ ತಾತ್ಸಾರದ ಬೇರೂ ಅಲ್ಲೇ ಇತ್ತು. ಇಂಥ ಕಾರಿನವರು ಪಕ್ಕದ ಸೀಟನ್ನು ಒಂದು ಭಾನುವಾರವೂ ಖಾಲಿ ಬಿಟ್ಟಿರಲಾರರು. ಎಷ್ಟು ಜನ ಕೂತೆದ್ದರೋ! ಬಿಸಿಲಿಗೆ ಬಿರಿದ ಚರ್ಮವನ್ನು ಸಿಟ್ಟಿನಿಂದಲೇ ಬಿಚ್ಚಿದಳು.

ಕೈ ನಿಂತಿತು. ಡ್ರೈವರ್ ಸೀಟಿನ ಸ್ಪ್ರಿಂಗುಗಳು ಕುಸಿದು ಹೋಗಿದ್ದವು. ಈ ಸೀಟಿನವು ಅಂಗಡಿಯಿಂದ ಈಗ ತಂದ ಹಾಗೆ ನೆಟ್ಟಗೆ ನಿಂತಿದ್ದವು.

“ಇವನ್ನ ಯಾವಾಗ ಹಾಕಿಸಿದ್ದು?”

“ಎರಡಕ್ಕೂ ಒಂದೇ ದಿನ. ಹನ್ನೊಂದು ವರ್ಷ ಆಯ್ತು.”

“ಇದರ ಮೇಲೆ ಯಾರೂ ಕೂತೇ ಇಲ್ವಲ್ಲ!”

ಅವನ ಕಿವಿ ಕಾರಿಗಿಂತ ಕೆಂಪಾಯಿತು. ಷೋಕಿಯೆಲ್ಲ ಇಳಿದುಹೋಗಿ, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನಂತೆ ನಿಂತ. “ಕರೆಯೋ ಧೈರ್ಯ ಆಗ್ಲಿಲ್ಲ.”

ಅವಳು ಒಂದು ಸ್ಪ್ರಿಂಗನ್ನು ಬೆರಳಿನಿಂದ ಅದುಮಿ ನೋಡಿದಳು. “ಕೂರೋರ ಮೈಕಟ್ಟು ನೋಡಿ ಮೆತ್ತೆ ಹಾಕ್ಬೇಕು. ಯಾರ ಅಳತೆಗೆ ಹೊಲೀಲಿ?”

ಅವನು ಮೇಜಿನ ಮೇಲಿದ್ದ ಟೇಪು ತೆಗೆದು ಅವಳತ್ತ ಚಾಚಿದ. “ನಿಮ್ಮ ಅಳತೆಗೆ.”

ಅತ್ತಿಗೆಯ ಯಂತ್ರ ಗಕ್ಕನೆ ನಿಂತಿತು.

“ಈ ಡಬ್ಬದಲ್ಲಿ ಕೂರೋಕೆ ನನಗೇನು ತಲೆ ಕೆಟ್ಟಿದ್ಯಾ?”

“ಸ್ವಲ್ಪ ಕೆಡಿಸ್ಕೊಳ್ಳಿ. ನನ್ನದು ಮೂರು ವಾರದಿಂದ ಕೆಟ್ಟಿದೆ. ಆ ಹೊಲಿಗೆ ಓರೆ ಇರಲಿಲ್ಲ, ಬಣ್ಣಾನೂ ಚೆನ್ನಾಗೇ ಇತ್ತು.”

“ಗೊತ್ತು,” ಎಂದು ಅವಳು ಟೇಪು ಕಿತ್ತುಕೊಂಡಳು. ತುಟಿಯಂಚಿನ ನಗುವನ್ನು ಅವನು ಕಂಡದ್ದು ಅವಳಿಗೂ ಗೊತ್ತಾಯಿತು. “ಆ ಕಡೆ ತಿರುಗಿ. ಹಲ್ಲು ಬಿಡಬೇಡಿ. ಭಾನುವಾರ ಒಂದೇ ಒಂದು ಸುತ್ತು. ನಿಮ್ಮ ಮುತ್ತಜ್ಜಿ ದಾರೀಲಿ ಕೈ ಕೊಟ್ರೆ ಅಂತ ಅತ್ತಿಗೆ ಹಿಂದೆ ವ್ಯಾನು ತರ್ತಾರೆ.”

“ಕೆಟ್ಟು ನಿಂತ್ರೆ ನಿಂತ್ಕೊಳ್ಳಲಿ ಬಿಡೇ,” ಅತ್ತಿಗೆ ಮತ್ತೆ ಯಂತ್ರ ತುಳಿಯತೊಡಗಿದಳು. “ನಾನಂತೂ ಬರಲ್ಲ.”