ಸೀಸೆಯ ಕೊರಳ ಗಂಟು

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಯುದ್ಧ ವಸ್ತುಸಂಗ್ರಹಾಲಯದ ಮೇಲಧಿಕಾರಿ ಬೆವರೊರೆಸಿಕೊಳ್ಳುತ್ತ ಠಾಣೆಗೆ ಬಂದರು. ಶತ್ರುಸೇನೆ ಊರನ್ನು ಹಿಡಿದಿದ್ದ ಕಾಲದಲ್ಲಿ ಹುಡುಗಿಯರ ಗುಪ್ತ ತಂಡವೊಂದು ಅಡುಗೆಮನೆಯಲ್ಲೇ ಎಸೆದರೆ ಹೊತ್ತಿಕೊಳ್ಳುವ ಬೆಂಕಿಸೀಸೆ ತಯಾರಿಸಿ ಶತ್ರುವಿನ ಎಣ್ಣೆ ಉಗ್ರಾಣಗಳನ್ನು ಸುಟ್ಟಿತ್ತು. ಎಂಥ ಗುಂಡಿಗೆ! ಆ ಸೀಸೆಗಳಲ್ಲಿ ಉಳಿದದ್ದು ಒಂದೇ, ಅದು ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿತ್ತು. ಈಗ ಅದರ ಜಾಗದಲ್ಲಿ ಯಾರೋ ಚಹಾ ತುಂಬಿದ ಸೀಸೆ ಇಟ್ಟುಹೋಗಿದ್ದರು. ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ಸ್ಥಳಕ್ಕೆ ಹೋಗಿ ಪಂಚನಾಮೆ ಮಾಡಿದರು. ಗಾಜಿನ ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ.

“ಬೀಗದ ಕೈ ಯಾರಿಗಾದ್ರೂ ಕೊಟ್ಟಿದ್ಯಾ?”

“ಇಲ್ಲ ಸರ್,” ಎಂದ ಸಂಗ್ರಹಾಲಯದ ಕಾವಲುಗಾರ.

ಇನ್‌ಸ್ಪೆಕ್ಟರ್ ಹಳೆಯ ಸೀಸೆಯ ಫೋಟೊ ತರಿಸಿ ಹೊಸದರ ಪಕ್ಕ ಹಿಡಿದರು. ಬಿರಡೆ ಬಿಗಿದ ದಾರ ಹೊಸದು, ಗಂಟು ಮಾತ್ರ ಅದೇ. ಎರಡು ಸುತ್ತು, ಎಡಗೈಯವರ ಗಂಟು.

“ಹಳೇದಕ್ಕೆ ಗಂಟು ಹಾಕಿದ್ದು ಯಾರು?”

ಕಾವಲುಗಾರನ ಮುಖ ಇಂಗು ತಿಂದ ಮಂಗನಂತಾಯಿತು. “ದರ್ಜಿ ಅಜ್ಜಿ, ಸರ್. ಆ ತಂಡದಲ್ಲಿ ಉಳಿದಿರೋದು ಅವರೊಬ್ರೇ. ನಿನ್ನೆ ಗೆಳತಿಯರನ್ನ ನೆನೆಸ್ಕೋತೀನಿ ಅಂದ್ರು, ಪೆಟ್ಟಿಗೆ ಬಾಗಿಲು ನಾನೇ ತೆಗೆದುಕೊಟ್ಟು ಹೊರಗಿದ್ದೆ.”

ಇನ್‌ಸ್ಪೆಕ್ಟರ್ ಮನೆಗೆ ಹೋದಾಗ ಅಜ್ಜಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಏನೂ ಬಚ್ಚಿಡಲಿಲ್ಲ. “ಹಿತ್ತಲಲ್ಲಿ, ಮರಳಿನ ತೊಟ್ಟೀಲಿ ಹೂತಿದೀನಿ. ಮುಟ್ಟಬೇಡಿ, ತಿಳಿದವರನ್ನ ಕರೆಸಿ.”

“ಯಾಕೆ ಕದ್ರಿ?”

“ಅದಿನ್ನೂ ಸತ್ತಿಲ್ಲ ಅಂತ ಸಂಗ್ರಹಾಲಯದ ಮೇಲಧಿಕಾರಿಗೆ ಮೂರು ಸಲ ಹೇಳ್ದೆ. ಹಲ್ಲು ಕಿತ್ತ ಹಾವು ಬಿಡಿ ಅಜ್ಜಿ ಅಂತ ನಕ್ಕ. ನಾಳೆ ಶಾಲೆ ಮಕ್ಕಳು ಬರ್ತಾರೆ.” ಅವರು ಕನ್ನಡಕ ತೆಗೆದರು. “ಅದು ಯಾಕೆ ಉಳೀತು ಗೊತ್ತಾ? ಎಸೆಯೋಕೆ ಕೈ ಎತ್ತಿದ್ದೆ. ಉಗ್ರಾಣದ ಬಾಗಿಲಲ್ಲಿ ಕಾವಲಿನವನ ಮಗಳು ಗೊಂಬೆ ಹಿಡ್ಕೊಂಡು ನಿಂತಿದ್ಲು. ವಾಪಸ್ ತಂದೆ. ತಂಡದವರು ಒಂದು ವರ್ಷ ಮಾತಾಡಿಸಲಿಲ್ಲ. ಅವತ್ತು ಶತ್ರುವಿನ ಮಗುವನ್ನೇ ಸುಡಲಿಲ್ಲ, ಇವತ್ತು ನಮ್ಮ ಮಕ್ಕಳನ್ನ ಸುಡಲಾ?”

ಸಂಜೆಗೆ ಸ್ಫೋಟಕ ನಿಷ್ಕ್ರಿಯ ದಳದ ವರದಿ ಬಂತು. ಸೀಸೆ ಜೀವಂತವಾಗಿತ್ತು, ಬಿಸಿಲು ಬೀಳುವ ಆ ಪೆಟ್ಟಿಗೆಯಲ್ಲಿ ಯಾವ ಹೊತ್ತಿಗಾದರೂ ಹೊತ್ತಿಕೊಳ್ಳಬಹುದಿತ್ತು.

ಕಾನೂನು ಕಾನೂನೇ. ಇನ್‌ಸ್ಪೆಕ್ಟರ್ ಅಜ್ಜಿಯ ಬಂಧನ ದಾಖಲಿಸಿ, ಠಾಣೆಯಲ್ಲೇ ಜಾಮೀನು ಕೊಟ್ಟರು. ಜಾಮೀನಿಗೆ ಮೊದಲು ಸಹಿ ಹಾಕಿದವನು ಕಾವಲುಗಾರ. ಕಳವಿನ ಕಾರಣ ಬರೆಯುವ ಜಾಗದಲ್ಲಿ ಇನ್‌ಸ್ಪೆಕ್ಟರ್ ಬರೆದದ್ದು ಒಂದೇ ಸಾಲು: ಮಕ್ಕಳ ಪ್ರಾಣ ಉಳಿಸಲು.

ಮೂಲೆಯಲ್ಲಿ ಕಾನ್‌ಸ್ಟೆಬಲ್ ಚಹಾದ ಸೀಸೆಯ ಸಾಕ್ಷ್ಯದ ಪೊಟ್ಟಣಕ್ಕೆ ದಾರ ಬಿಗಿಯಲು ಒದ್ದಾಡುತ್ತಿದ್ದ.

“ಕೊಡಪ್ಪ ಇಲ್ಲಿ,” ಎಂದು ಅಜ್ಜಿ ಎಡಗೈ ಚಾಚಿದರು.

ಕಾನ್‌ಸ್ಟೆಬಲ್ ಸಾಹೇಬರ ಮುಖ ನೋಡಿದ. ಇನ್‌ಸ್ಪೆಕ್ಟರ್ ಎದ್ದು ನಿಂತು, ಪೊಟ್ಟಣವನ್ನು ತಾವೇ ಎರಡೂ ಕೈಯಲ್ಲಿ ಅಜ್ಜಿಗೆ ಕೊಟ್ಟರು.